ತಿರುವುಮುರುವು ಅಕ್ಷರಗಳು

(ಸಂಘದ ಸಂಸ್ಥಾಪನಾ ದಿನದ ಅಂಗವಾಗಿ ಸ್ಟ್ರಾಟ್‌ಫರ್ಡಿನ ಸಭಾಂಗಣದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ನಮ್ಮಿಬ್ಬರನ್ನು ಈ ವೇದಿಕೆಗೆ ಕರೆಯುವುದು ಆರೋಗ್ಯದ ಬಗ್ಗೆ ಮಾತಾಡಲು. ಸಕ್ಕರೆ ಕಾಯಿಲೆ ಆಯಿತು, ರಕ್ತದೊತ್ತಡ ಆಯಿತು, ಮೊಣಕಾಲು ನೋವು, ವಿಟಮಿನ್ ಡಿ ಎಲ್ಲವೂ ಆಯಿತು. ನಾವು ಮಾತಾಡಿ ಮುಗಿಸುತ್ತಿದ್ದಂತೆ ತಾವೆಲ್ಲ ಹೋಗಿ ಎರಡೆರಡು ಮೈಸೂರು ಪಾಕು ತಿಂದದ್ದನ್ನೂ ನಾವು ನೋಡಿದ್ದೇವೆ. ಅದಕ್ಕೇ ಈ ಸಲ ಬೇರೆ ವಿಷಯ ಕೊಡಿ ಎಂದು ನಾವೇ ಕೇಳಿಕೊಂಡೆವು. ಹತ್ತು ಶನಿವಾರ ಎಚ್ಚಿಂಗ್ ಕಲಿಯಲು ಹೋದ ನಮ್ಮ ಕತೆಯನ್ನು ಇಲ್ಲಿ ಹೇಳುತ್ತೇವೆ. ಮೈಕು ಒಂದೇ ಇರುವುದರಿಂದ ಓದುವವರು ಒಬ್ಬರು. ಬರೆದವರು ಇಬ್ಬರು, ತಪ್ಪುಗಳೂ ಇಬ್ಬರದೇ.

ಮೊದಲು ಹಿನ್ನೆಲೆ. ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದಿದವರು, ಬೆಂಗಳೂರಿನಲ್ಲಿ ರೆಸಿಡೆನ್ಸಿ ಮುಗಿಸಿ 2008ರಲ್ಲಿ ಇಲ್ಲಿಗೆ ಬಂದವರು. ಒಬ್ಬರು ಎದೆರೋಗದ ವಿಭಾಗ, ಇನ್ನೊಬ್ಬರು ಅರಿವಳಿಕೆ. ಸ್ಟ್ರಾಟ್‌ಫರ್ಡಿನಲ್ಲಿ ಮನೆ ಮಾಡಿದೆವು ಎಂದಾಗ ಊರಿನಿಂದ ಬಂದ ಮೊದಲ ಪ್ರಶ್ನೆ, ಶೇಕ್ಸ್‌ಪಿಯರ್ ಮನೆ ನಿಮ್ಮಿಂದ ಎಷ್ಟು ದೂರ ಎಂದು. ಆ ಸ್ಟ್ರಾಟ್‌ಫರ್ಡ್ ಬೇರೆ, ಈ ಸ್ಟ್ರಾಟ್‌ಫರ್ಡ್ ಬೇರೆ ಎಂದು ಹೇಳಿ ಹೇಳಿ ಸಾಕಾಗಿ, 2012ರಲ್ಲಿ ಒಲಿಂಪಿಕ್ಸ್ ಬಂದ ಮೇಲೆ ನೆಮ್ಮದಿಯಾಯಿತು.

ನಮಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಚೆನ್ನಾಗಿ ಓದಿದಳು. 2023ರಲ್ಲಿ ಒಂದು ಮೆಡಿಕಲ್ ಕಾಲೇಜಿನಿಂದ ಸೀಟಿನ ಆಫರ್ ಕೂಡ ಬಂತು. ನಾವು ಸಿಹಿ ಹಂಚಿದೆವು. ಈ ಸಭೆಯಲ್ಲಿಯೇ ಹಲವರು ಆ ಪೇಡಾ ತಿಂದಿದ್ದೀರಿ, ಈಗ ವಾಪಸು ಕೇಳುವುದಿಲ್ಲ. ಎರಡು ವಾರ ಬಿಟ್ಟು ಅವಳು ಅಡುಗೆಮನೆಯಲ್ಲಿ ನಿಂತು, ಆಫರನ್ನು ಬಿಟ್ಟುಕೊಟ್ಟೆ, ಆರ್ಟ್ ಫೌಂಡೇಶನ್ ಸೇರುತ್ತೇನೆ ಎಂದಳು. ಕೇಳಲಿಲ್ಲ, ತಿಳಿಸಿದಳು. ಅಷ್ಟು ಹೊತ್ತಿಗೆ ಪತ್ರ ಹೋಗಿಯಾಗಿತ್ತು.

ಅಂದು ನಾವು ಆಡಿದ ಮಾತುಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವ ಧೈರ್ಯ ನಮಗಿಲ್ಲ. ನಿಮ್ಮ ಮನೆಗಳಲ್ಲೂ ಆಡಿರಬಹುದಾದ ಮಾತುಗಳೇ. ನಾವು ಯಾಕೆ ಇಷ್ಟು ದೂರ ಬಂದೆವು, ಯಾರಿಗಾಗಿ ರಾತ್ರಿ ಪಾಳಿ ಮಾಡಿದೆವು ಎಂಬ ಧಾಟಿಯವು. ಆಮೇಲೆ ಸುಮಾರು ಒಂದು ವರ್ಷ ಮನೆಯಲ್ಲಿ ಮಾತು ನಡೆದದ್ದು ಹಾಲು ತಂದೆಯಾ, ಬಾಗಿಲು ಹಾಕಿದೆಯಾ ಎಂಬ ಮಟ್ಟದಲ್ಲಿ. ಅವಳು ಕೈಯೆಲ್ಲ ಮಸಿ ಮಾಡಿಕೊಂಡು ಬರುತ್ತಿದ್ದಳು. ನಾವು ಕೈಯನ್ನು ನೋಡುತ್ತಿದ್ದೆವು, ಏನು ಮಾಡಿದೆ ಎಂದು ಕೇಳುತ್ತಿರಲಿಲ್ಲ.

ಒಂದು ಸಂಜೆ ಕೆಮ್ಮುತ್ತಾ ಬಂದಳು. ಅವಳಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು. ಎಚ್ಚಿಂಗ್‌ನಲ್ಲಿ ಅಕ್ವಾಟಿಂಟ್ ಎಂಬುದೊಂದು ಕ್ರಮವಿದೆ; ಬಣ್ಣದ ಛಾಯೆ ತರಲು ರಾಳದ ಸಣ್ಣ ಪುಡಿಯನ್ನು ತಗಡಿನ ಮೇಲೆ ಮಳೆಯಂತೆ ಬೀಳಿಸಿ ಕೆಳಗಿನಿಂದ ಬಿಸಿ ಮಾಡಿ ಅಂಟಿಸುತ್ತಾರೆ. ರಾಳ ಎಂದರೆ ಕೊಲೊಫನಿ. ಅದರ ಹೊಗೆ, ಧೂಳು ಕೆಲವರಿಗೆ ಆಸ್ತಮಾ ತರುತ್ತದೆ ಎಂಬುದು ಎದೆರೋಗದ ವೈದ್ಯರಿಗೆಲ್ಲ ಗೊತ್ತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಬೆಸುಗೆ ಹಾಕುವವರಲ್ಲಿ ಇದನ್ನು ಬಹಳ ಕಾಲದಿಂದ ನೋಡಿದ್ದಾರೆ. ಸರಿ, ನಮಗೆ ಒಳ್ಳೆಯ ಅಸ್ತ್ರ ಸಿಕ್ಕಿತು. ಸ್ಟೆತಾಸ್ಕೋಪ್ ತಂದೆವು, ಪೀಕ್ ಫ್ಲೋ ಮೀಟರ್ ತಂದೆವು, ಊದಿಸಿದೆವು, ಈ ಓದನ್ನು ವೈದ್ಯಕೀಯ ಕಾರಣಕ್ಕೆ ನಿಲ್ಲಿಸಲೇಬೇಕು ಎಂದು ತೀರ್ಪು ಕೊಟ್ಟೆವು. ಅವಳು ಊದಿದ ಅಂಕೆ ಸರಿಯಾಗಿಯೇ ಇತ್ತು. ಬಂದಿದ್ದದ್ದು ನೆಗಡಿ. ಅವಳು ಮೀಟರನ್ನು ಮೇಜಿನ ಮೇಲಿಟ್ಟು ಹೇಳಿದಳು: "ರಾಳದ ಪೆಟ್ಟಿಗೆ ಬಿಟ್ಟು ಮೂರು ತಿಂಗಳಾಯಿತು. ನನಗೆ ಆಸ್ತಮಾ ಇದೆ ಅಂತ ನಾನೇ ಹೇಳಿದ್ದೆ, ಅದರ ಬದಲು ಅಕ್ರಿಲಿಕ್ ಸಿಂಪಡಿಸುತ್ತೇನೆ, ಮುಖವಾಡ ಹಾಕಿಕೊಂಡು. ನಿಮಗೆ ಹೆದರಿಕೆ ಇರುವುದು ರಾಳಕ್ಕಲ್ಲ."

ನಮ್ಮಲ್ಲಿ ಉತ್ತರ ಇರಲಿಲ್ಲ. ರೋಗಿಗಳಿಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳಿ, ಮಗಳಿಗೆ ಹೇಳಬೇಕಾದ್ದನ್ನು ಬಚ್ಚಿಟ್ಟುಕೊಂಡಿದ್ದೆವು. ಅವಳೇ ಮುಂದುವರಿದು, ಮನೆಗೆ ಹತ್ತಿರದಲ್ಲೇ ಒಂದು ಅಚ್ಚಿನ ಕಾರ್ಯಾಗಾರದಲ್ಲಿ ಶನಿವಾರ ಹೊಸಬರಿಗೆ ಪಾಠ ಇದೆ, ಹತ್ತು ವಾರ ಬನ್ನಿ, ಆಮೇಲೆ ಬೇಕಾದ್ದು ಹೇಳಿ ಎಂದಳು. 2024ರ ಅಕ್ಟೋಬರಿನಲ್ಲಿ ಹಾಗೆ ಸೇರಿಕೊಂಡೆವು. ನಮ್ಮ ತರಗತಿಯಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು, ಇಬ್ಬರು ಶಾಲಾ ಮಾಸ್ತರರು, ಕಾಲೇಜು ಹುಡುಗರು, ಮತ್ತೆ ನಾವು. ಎಲ್ಲರಿಗಿಂತ ದಡ್ಡರು ನಾವೇ ಎಂಬುದು ಎರಡನೆಯ ವಾರಕ್ಕೆ ಇತ್ಯರ್ಥವಾಯಿತು.

ಈಗ ಎಚ್ಚಿಂಗ್ ಎಂದರೇನು ಎಂದು ಸ್ವಲ್ಪ ಹೇಳಬೇಕು. ಒಂದು ಲೋಹದ ತಗಡು, ತಾಮ್ರ ಅಥವಾ ಸತು. ಅದರ ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜಬೇಕು, ಇಲ್ಲದಿದ್ದರೆ ಒತ್ತುವಾಗ ಕಾಗದ ಹರಿಯುತ್ತದೆ. ಸೀಮೆಸುಣ್ಣದ ಪುಡಿಯಿಂದ ಉಜ್ಜಿ ಜಿಡ್ಡು ತೆಗೆಯಬೇಕು. ನೀರು ಸುರಿದರೆ ಹನಿಹನಿಯಾಗದೆ ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಯಿತು ಎಂದು ಲೆಕ್ಕ. ಆಮೇಲೆ ತಗಡು ಬಿಸಿ ಮಾಡಿ ಜೇನುಮೇಣ, ಡಾಂಬರು, ರಾಳ ಕೂಡಿದ ಒಂದು ಉಂಡೆಯನ್ನು ಸವರಿ ತೆಳ್ಳಗೆ ಹರಡಬೇಕು, ಇದು ಗ್ರೌಂಡ್. ಇದು ಆರಿದ ಮೇಲೆ ಸೂಜಿಯಿಂದ ಚಿತ್ರ ಬರೆಯಬೇಕು. ಲೋಹವನ್ನು ಕೊರೆಯಬಾರದು, ಮೇಣವನ್ನು ಮಾತ್ರ ಬಿಡಿಸಬೇಕು. ತಗಡನ್ನು ದ್ರಾವಣಕ್ಕೆ ಹಾಕಿದರೆ ಎಲ್ಲೆಲ್ಲಿ ಮೇಣ ಹೋಗಿದೆಯೋ ಅಲ್ಲಿ ಲೋಹ ಕರಗಿ ಗೀರು ಆಳವಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಆಳ, ಹೆಚ್ಚು ಕಪ್ಪು. ತೆಳುವಾಗಿ ಉಳಿಯಬೇಕಾದ ಗೆರೆಗಳಿಗೆ ನಡುವೆ ತೆಗೆದು ವಾರ್ನಿಷ್ ಬಳಿದು ಮತ್ತೆ ಮುಳುಗಿಸಬೇಕು. ಕೊನೆಗೆ ಮೇಣವೆಲ್ಲ ತೊಳೆದು, ಗೀರುಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಬಲೆಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ನೆನೆಸಿದ ಕಾಗದ ಹೊದಿಸಿ, ಉಣ್ಣೆಯ ಕಂಬಳಿಗಳ ಕೆಳಗಿಟ್ಟು ಎರಡು ಉರುಳೆಗಳ ನಡುವೆ ಹಾಯಿಸಬೇಕು. ಒದ್ದೆ ಕಾಗದ ಗೀರಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ.

ಒರೆಸುವ ಕೆಲಸವೇ ಕಷ್ಟ. ಕಡಿಮೆ ಒರೆಸಿದರೆ ಎಲ್ಲ ಕಪ್ಪು, ಹೆಚ್ಚು ಒರೆಸಿದರೆ ಗೀರಿನ ಮಸಿಯೂ ಹೊರಗೆ. ದೋಸೆ ಕಾವಲಿಗೆ ಎಣ್ಣೆ ಸವರಿ ಎಷ್ಟು ಒರೆಸಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲವಲ್ಲ, ಇದೂ ಹಾಗೇ.

ನಮ್ಮ ಮೊದಲ ತಗಡು ಕೆಟ್ಟದ್ದು ಎರಡು ರೀತಿಯಲ್ಲಿ. ಶಿರಸಿಯ ಮನೆಯ ಅಂಗಳದಲ್ಲಿ ಅಡಿಕೆ ಒಣಹಾಕಿದ ಚಿತ್ರ ಬರೆದೆವು. ಜಿಡ್ಡು ಸರಿಯಾಗಿ ತೆಗೆದಿರಲಿಲ್ಲ. ಬೆಳಿಗ್ಗೆ ತಿಂದ ಪರೋಟದ ಕೈ ಎಂದು ಮಗಳ ಊಹೆ. ಗ್ರೌಂಡ್ ಅಲ್ಲಲ್ಲಿ ಎದ್ದು, ದ್ರಾವಣ ಬೇಡದ ಕಡೆಯೆಲ್ಲ ಕಚ್ಚಿ, ಅಂಗಳದ ಮೇಲೆ ಸಿಡುಬು ಎದ್ದಂತೆ ಚುಕ್ಕೆಗಳಾದವು. ಒಂದು ಮೂಲೆಯಲ್ಲಿ ನಮ್ಮದೇ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು, ಪೊಲೀಸರಿಗೆ ಕೊಡುವಷ್ಟು. ಎರಡನೆಯದು ಇನ್ನೂ ದೊಡ್ಡ ತಪ್ಪು. ಕೆಳಗೆ ಅಂದವಾಗಿ "ಶಿರಸಿ" ಎಂದು ಬರೆದಿದ್ದೆವು. ಅಚ್ಚು ತೆಗೆದಾಗ ಅಕ್ಷರಗಳೆಲ್ಲ ತಿರುವುಮುರುವು. ಪಕ್ಕದಲ್ಲಿದ್ದ ಬಸ್ ಚಾಲಕರು ಅದನ್ನು ನೋಡಿ, ನಿಮ್ಮ ಲಿಪಿ ಎಷ್ಟು ಚೆಂದ ಎಂದರು! ಅವರಿಗೆ ನೇರವೂ ಒಂದೇ, ತಿರುವೂ ಒಂದೇ. ನಾವು ಥ್ಯಾಂಕ್ಸ್ ಹೇಳಿ ಸುಮ್ಮನಾದೆವು.

ಇಪ್ಪತ್ತು ವರ್ಷ ಎಕ್ಸ್‌ರೇ ನೋಡಿದವರಿಗೆ ಈ ತಪ್ಪು ಆಗಬಾರದಿತ್ತು. ಫಿಲ್ಮನ್ನು ಹಿಂದುಮುಂದಾಗಿ ದೀಪಕ್ಕೆ ಹಿಡಿದರೆ ಹೃದಯ ಬಲಕ್ಕೆ ಬರುತ್ತದೆ ಎಂದು ಮೊದಲ ವಾರವೇ ಬೈಸಿಕೊಂಡವರು ನಾವು. ಆಮೇಲೆ ಮನೆಯಲ್ಲಿ ಕನ್ನಡಿ ಇಟ್ಟುಕೊಂಡು ಕನ್ನಡವನ್ನು ತಿರುವಿ ಬರೆಯುವ ಅಭ್ಯಾಸ ಮಾಡಿದೆವು. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ಮಾಸ್ತರರು ಕೈಹಿಡಿದು ತಿದ್ದಿಸಿದ ಮೇಲೆ ನಾವು ಕನ್ನಡದ ಅಕ್ಷರವನ್ನು ಅಷ್ಟು ನಿಧಾನವಾಗಿ ನೋಡಿದ್ದು ಇದೇ ಮೊದಲು. ಶ ಎಲ್ಲಿ ಶುರುವಾಗುತ್ತದೆ, ಗುಡಿಸು ಯಾವ ಕಡೆಗೆ ವಾಲುತ್ತದೆ ಎಂದು ತಡವರಿಸುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. ಇಲ್ಲಿಯ ನಮ್ಮ ಶನಿವಾರದ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಅವಳು ನಮಗಿಂತ ಬೇಗ ತಿರುವಿ ಬರೆದಳು. ಆ ರಾತ್ರಿ ಹನ್ನೊಂದರವರೆಗೆ ಮೂವರೂ ಅಡುಗೆಮನೆಯ ಮೇಜಿನ ಮೇಲೆ ವರ್ಣಮಾಲೆ ಬರೆದೆವು. ಮನೆಯಲ್ಲಿ ಮಾತು ಮತ್ತೆ ಶುರುವಾದದ್ದು ಅಂದು, ಅದೂ ಳ ಅಕ್ಷರದ ವಿಷಯದಲ್ಲಿ ಜಗಳವಾಡಿ.

ಅಚ್ಚು ಎಂದರೆ ತಿರುವುಮುರುವು ಎಂಬುದು ಕನ್ನಡಕ್ಕೆ ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರ ಜುಲೈ 1ರಂದು ಹೊರಟಾಗ ಅದು ಅಚ್ಚಾದದ್ದು ಮೊಳೆಗಳಿಂದಲ್ಲ, ಕಲ್ಲಿನಿಂದ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರ ಹೂಡಿದ್ದರು. ಹರ್ಮನ್ ಮೋಗ್ಲಿಂಗ್ ಅದರಲ್ಲೇ ಪತ್ರಿಕೆ ತೆಗೆದರು. ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿದರೆ ಜಿಡ್ಡಿರುವ ಕಡೆ ಮಾತ್ರ ಅಚ್ಚಿನ ಮಸಿ ಹಿಡಿಯುತ್ತದೆ. ನೇರವಾಗಿ ಕಲ್ಲಿನ ಮೇಲೆ ಬರೆದರೆ ತಿರುವಿ ಬರೆಯಬೇಕು, ಇಲ್ಲವೇ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಬೇಕು. ನಮ್ಮೆಲ್ಲರ ಅಜ್ಜಿಯರ ದೇವರ ಕೋಣೆಯಲ್ಲಿ ಗಾಜು ಹಾಕಿ ಇಟ್ಟಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿಯರೂ ಕಲ್ಲಚ್ಚಿನ ಮಕ್ಕಳೇ. ನಾವು ಚಿತ್ರಕಲೆಯಿಲ್ಲದ ಮನೆಯಿಂದ ಬಂದವರು ಎಂದು ಮಗಳಿಗೆ ಹೇಳುತ್ತಿದ್ದೆವು. ಅಚ್ಚಿನ ಚಿತ್ರಕ್ಕೆ ದಿನಾ ಹೂ ಏರಿಸುವ ಮನೆಯಿಂದ ಬಂದವರು ನಾವು.

ಮೂರನೆಯ ವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಿಂದೆ ಸತುವಿನ ತಗಡಿಗೆ ನೈಟ್ರಿಕ್ ಆಮ್ಲ ಬಳಸುತ್ತಿದ್ದರು. ಗುಳ್ಳೆ ಏಳುತ್ತಿದ್ದಂತೆ ಹಕ್ಕಿಯ ಗರಿಯಿಂದ ಸವರಿ ತೆಗೆಯುತ್ತಿದ್ದರಂತೆ. ನೋಡಲು ಚೆಂದ, ಆದರೆ ಅದರ ಕಂದು ಹೊಗೆ ಕುಡಿದವರು ಆಗ ಚೆನ್ನಾಗಿಯೇ ಇದ್ದು, ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬಹುದು. 1990ರ ದಶಕದಲ್ಲಿ ಎಡಿನ್‌ಬರೋದಲ್ಲಿ ಫ್ರೀಡ್‌ಹಾರ್ಡ್ ಕೀಕೆಬೆನ್ ಎಂಬ ಕಲಾವಿದ ತಾಮ್ರಕ್ಕೆ ಫೆರಿಕ್ ಕ್ಲೋರೈಡಿನ ಜೊತೆ ಸಿಟ್ರಿಕ್ ಆಮ್ಲ ಬೆರೆಸಿ ಹೆಚ್ಚು ಸುರಕ್ಷಿತವಾದ ದ್ರಾವಣ ಮಾಡಿದ. ಸತುವಿಗೆ ಕಾಪರ್ ಸಲ್ಫೇಟ್ ಮತ್ತು ಅಡುಗೆ ಉಪ್ಪಿನ ದ್ರಾವಣವನ್ನು ರೂಢಿಗೆ ತಂದವನೂ ಅವನೇ. ನಮ್ಮ ಕಾರ್ಯಾಗಾರದಲ್ಲಿ ಇದ್ದದ್ದು ಇದು. ಟ್ರೇಯ ಮುಚ್ಚಳ ತೆಗೆದಾಗ ನವಿಲಿನ ಕುತ್ತಿಗೆಯ ನೀಲಿ ನೋಡಿ ನಾವಿಬ್ಬರೂ ಒಟ್ಟಿಗೇ ಕೂಗಿದೆವು: ಮೈಲುತುತ್ತು!

ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಹಿಡಿಯುವ ಮುಂಚೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿ ಅಡಿಕೆ ಗೊನೆಗೆ ಹೊಡೆಯದಿದ್ದರೆ ಕೊಳೆರೋಗ ಬಂದು ತೋಟವೇ ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದು, ಈ ಔಷಧವನ್ನು ತೋಟಿಗರಿಗೆ ಕಲಿಸಿದರು. ಶಿರಸಿಯ ಮನೆಯ ಹಿತ್ತಿಲಲ್ಲಿ ಮರದ ಪೀಪಾಯಿಯಲ್ಲಿ ಅದೇ ನೀಲಿ. ಅದೇ ನೀಲಿ ಸ್ಟ್ರಾಟ್‌ಫರ್ಡಿನ ಪ್ಲಾಸ್ಟಿಕ್ ಟ್ರೇಯಲ್ಲಿ.

ಇನ್ನೂ ಒಂದು ಇದೆ. ನಮ್ಮಲ್ಲಿ ಬೀದರ್ ಕಡೆಯವರು ಎಷ್ಟು ಜನ ಇದ್ದೀರಿ? ಇದು ನಿಮ್ಮದು. ಬಿದರಿಯ ಪಾತ್ರೆ ಎರಕ ಹೊಯ್ಯುವುದು ಮುಖ್ಯವಾಗಿ ಸತುವಿನಿಂದ, ಸ್ವಲ್ಪ ತಾಮ್ರ ಸೇರಿಸಿ. ಎರಕದ ಪಾತ್ರೆಯನ್ನು ನಯ ಮಾಡಿ, ಕೆತ್ತುವ ಮೊದಲು ಅದರ ಮೇಲೆ ಮೈಲುತುತ್ತಿನ ನೀರು ಸವರುತ್ತಾರೆ. ಕೂಡಲೇ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಬರೆದ ಗೆರೆ ಬೆಳ್ಳಗೆ ಕಾಣುತ್ತದೆ. ಆ ಗೆರೆ ಹಿಡಿದು ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದ್ದಿ ಶಾಶ್ವತವಾಗಿ ಕಪ್ಪು ಮಾಡುತ್ತಾರೆ. ಸತುವು ತಾಮ್ರವನ್ನು ದ್ರಾವಣದಿಂದ ಹೊರಕ್ಕೆ ತಳ್ಳಿ ತಾನು ಕರಗುತ್ತದೆ ಎಂದು ನಾವು ಪಿಯುಸಿಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬರೆದು ಮಾರ್ಕು ತಗೊಂಡಿದ್ದೆವು. ಬೀದರಿನ ಕುಶಲಕರ್ಮಿಗಳು ಅದನ್ನು ಮಾರ್ಕಿಲ್ಲದೆ ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಮದುವೆಯಲ್ಲಿ ನಮಗೆ ಬಂದ ಬಿದರಿಯ ಹೂಜಿಯೊಂದು ಟಿ.ವಿ. ಪಕ್ಕದಲ್ಲಿ ಹದಿನೈದು ವರ್ಷ ಧೂಳು ತಿನ್ನುತ್ತಿತ್ತು. ಅಂದು ಮನೆಗೆ ಬಂದು ಒರೆಸಿ ಕೈಯಲ್ಲಿ ಹಿಡಿದು ನೋಡಿದೆವು.

ಹಾಗೆಯೇ ಗ್ರೌಂಡಿನ ಮೇಲೆ ಗೀರುವಾಗ ನೆನಪಾದದ್ದು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿಯಿರುವಾಗಲೇ ಗೀರಿದರೆ ಕೆಳಗಿನ ಬಿಳಿ ಚಿತ್ರವಾಗಿ ಹೊರಬರುತ್ತದೆ. ಚಿಕ್ಕವರಿದ್ದಾಗ ಆ ಗೋಡೆಗೆ ಒರಗಿ ಪ್ರಸಾದ ತಿಂದಿದ್ದೆವು. ತಲೆಯೆತ್ತಿ ನೋಡಿದ ನೆನಪಿಲ್ಲ.

ಈಗ ಈ ಸ್ಟ್ರಾಟ್‌ಫರ್ಡಿನ ವಿಷಯ. ನಾವು ದಿನಾ ಓಡಾಡುವ ಸ್ಟ್ರಾಟ್‌ಫರ್ಡ್ ಹೈ ಸ್ಟ್ರೀಟಿನಲ್ಲಿ, ಲೀ ನದಿಯ ಈ ಕಡೆಯ ದಡದಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಬೋ ಪಿಂಗಾಣಿ ಕಾರ್ಖಾನೆ ಇತ್ತು. ಹೆಸರು ಆ ದಡದ ಬೋದು, ಕಾರ್ಖಾನೆ ನಮ್ಮ ದಡದಲ್ಲಿ. ಚೀನಾದ ಕ್ಯಾಂಟನ್ನಿನ ನೆನಪಿಗೆ ಅವರು ಅದನ್ನು ನ್ಯೂ ಕ್ಯಾಂಟನ್ ಎಂದು ಕರೆದರು. 1750ರಲ್ಲಿ ಹಾಗೆ ಬರೆದ ಮಸಿಕುಡಿಕೆಗಳು ಇಂದಿಗೂ ಉಳಿದಿವೆ. ಅದರ ಸ್ಥಾಪಕರಲ್ಲಿ ಒಬ್ಬನು ಥಾಮಸ್ ಫ್ರೈ, ಐರ್ಲೆಂಡಿನ ಚಿತ್ರಕಾರ, ಅಚ್ಚಿನ ಕಲಾವಿದ. 1744ರಲ್ಲಿ ಎಡ್ವರ್ಡ್ ಹೇಲಿನ್ ಎಂಬವನ ಜೊತೆ ಪೇಟೆಂಟ್ ಪಡೆದ. ಜಾನುವಾರುಗಳ ಮೂಳೆ ಸುಟ್ಟ ಬೂದಿಯನ್ನು ಮಣ್ಣಿಗೆ ಸೇರಿಸಿದರೆ ಪಿಂಗಾಣಿ ಗಟ್ಟಿಯಾಗುತ್ತದೆ ಎಂದು ತೋರಿಸಿದವನು ಅವನು. ಬೋನ್ ಚೈನಾ ಕಪ್ಪಿನಲ್ಲಿ ಚಹಾ ಕುಡಿಯಲು ಒಪ್ಪದ ನಮ್ಮ ಹಿರಿಯರ ಅನುಮಾನ ಸುಳ್ಳಲ್ಲ ಎಂದಾಯಿತು.

ಕುಲುಮೆಗಳ ಮುಂದೆ ವರ್ಷಗಟ್ಟಲೆ ದುಡಿದು ಆರೋಗ್ಯ ಕೆಟ್ಟು ಫ್ರೈ 1759ರಲ್ಲಿ ಕಾರ್ಖಾನೆ ಬಿಟ್ಟ. ವೇಲ್ಸಿಗೆ ಹೋಗಿ ಸುಧಾರಿಸಿಕೊಂಡು ಲಂಡನ್ನಿಗೆ ಮರಳಿದ. ವಯಸ್ಸು ಐವತ್ತರ ಹತ್ತಿರ. ಆಗ ಕೂತು ಮಾಡಿದ್ದು ಮನುಷ್ಯರ ಮುಖಗಳ ಮೆಝೋಟಿಂಟ್ ಅಚ್ಚುಗಳನ್ನು, ನಿಜ ಗಾತ್ರದಲ್ಲಿ. 1760ರಲ್ಲಿ ಹನ್ನೆರಡು ಮುಖಗಳ ಒಂದು ಸರಣಿ, ಆಮೇಲೆ ಇನ್ನೊಂದು. 1762ರಲ್ಲಿ ಕ್ಷಯದಿಂದ ತೀರಿಕೊಂಡ. ಪಿಂಗಾಣಿ ಕೆಲಸದ ಸಿಲಿಕಾ ಧೂಳು ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು ಇಂದು ಗೊತ್ತಿರುವ ಸಂಗತಿ. ಫ್ರೈ ವಿಷಯದಲ್ಲಿ ಹಾಗಾಯಿತೆಂಬುದು ನಮ್ಮ ಊಹೆ ಮಾತ್ರ. ಎದೆರೋಗದವರಿಗೆ ಇನ್ನೂರೈವತ್ತು ವರ್ಷ ಹಿಂದಿನ ರೋಗಿಯೂ ರೋಗಿಯೇ.

ಮೆಝೋಟಿಂಟ್ ಎಚ್ಚಿಂಗಿಗೆ ತದ್ವಿರುದ್ಧ. ಮೊದಲು ಹಲ್ಲುಳ್ಳ ಬಾಗಿದ ಉಪಕರಣದಿಂದ ಇಡೀ ತಾಮ್ರದ ತಗಡನ್ನು ಒರಟು ಮಾಡಬೇಕು. ಆ ಸ್ಥಿತಿಯಲ್ಲಿ ಮಸಿ ಹಾಕಿ ಒತ್ತಿದರೆ ಬರುವುದು ಬರಿ ಮಖಮಲ್ಲಿನಂಥ ಕಪ್ಪು. ಆಮೇಲೆ ಎಲ್ಲಿ ಬೆಳಕು ಬೇಕೋ ಅಲ್ಲಿ ಕೆರೆದು, ಉಜ್ಜಿ ನಯ ಮಾಡುತ್ತಾ ಹೋಗಬೇಕು. ಕತ್ತಲಿನಿಂದ ಶುರು ಮಾಡಿ ಮುಖ ಹೊರತೆಗೆಯುವುದು. ಫ್ರೈ ಮಾಡಿದ ಅಚ್ಚುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವನ ಮುಖಗಳನ್ನು ನೋಡುವಾಗ ಮಗಳು ಹೇಳಿದಳು, ಇವನು ಕಾರ್ಖಾನೆ ಬಿಟ್ಟ ಮೇಲೆ ಉಳಿದದ್ದು ಎರಡು ಮೂರು ವರ್ಷ, ಅದರಲ್ಲೇ ಇಷ್ಟು ಮಾಡಿದ್ದಾನೆ ಎಂದು. ಅವಳು ಬೇರೆ ಏನೂ ಹೇಳಲಿಲ್ಲ. ನಾವೂ ಬಸ್ಸಿನಲ್ಲಿ ಮನೆ ಮುಟ್ಟುವವರೆಗೆ ಏನೂ ಹೇಳಲಿಲ್ಲ.

ನಮ್ಮ ಸೊಕ್ಕನ್ನು ಪೂರ್ತಿ ಇಳಿಸಿದ್ದು ಇನ್ನೊಂದು ಪ್ರಸಂಗ. ನಮ್ಮ ಕಪಾಟಿನಲ್ಲಿ ಗ್ರೇಸ್ ಅನಾಟಮಿ ಇದೆ. ನಿಜ ಹೇಳಬೇಕೆಂದರೆ ನಾವು ಪರೀಕ್ಷೆಗೆ ಓದಿದ್ದು ಚೌರಾಸಿಯಾ. ಗ್ರೇ ಇದ್ದದ್ದು ಮನೆಗೆ ಬಂದವರಿಗೆ ಕಾಣಲಿ ಎಂದು. ಇದರ ಚಿತ್ರಗಳು ಯಾರದು ಎಂದು ಮಗಳು ಕೇಳಿದಳು. ಗ್ರೇದು ಎಂದೆವು. ಅಲ್ಲ. 1858ರ ಮೊದಲ ಆವೃತ್ತಿಯ ಚಿತ್ರಗಳೆಲ್ಲ ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬ ಇಪ್ಪತ್ತರ ಹರೆಯದ ಡಾಕ್ಟರನದು. ಅವನು ಮರದ ಅಚ್ಚುಗಳ ಮೇಲೆಯೇ ನೇರವಾಗಿ, ಅದೂ ತಿರುವುಮುರುವಾಗಿ ಬರೆದ. ಕೆತ್ತುವವರು ಆ ಗೆರೆ ಹಿಡಿದು ಕೆತ್ತಿದರು. ದೇಹದ ಎಡವನ್ನು ಬಲವಾಗಿ, ಬಲವನ್ನು ಎಡವಾಗಿ, ಒಂದೊಂದು ನರವನ್ನೂ ತಲೆಯಲ್ಲೇ ತಿರುವಿ. ಪುಸ್ತಕ ಹೊರಬರುವ ವರ್ಷವೇ ಅವನು ಮುಂಬಯಿಗೆ ಹಡಗು ಹತ್ತಿ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ, ಮೂವತ್ತು ವರ್ಷದಷ್ಟು ಕಾಲ ನಮ್ಮ ದೇಶದಲ್ಲಿದ್ದ, ಕುಷ್ಠ ಮತ್ತು ಮೈಸೆಟೋಮ ರೋಗಗಳ ಬಗ್ಗೆ ಬರೆದ. ಮೈಸೆಟೋಮ ಎಂದರೆ ಬರಿಗಾಲಿನ ರೈತರಿಗೆ ಬರುವ ಪಾದದ ಬಾವು. ಗ್ರೇ ಮಾತ್ರ 1861ರಲ್ಲೇ ಸಿಡುಬಿನಿಂದ ತೀರಿಹೋದ. ಆದರೂ ಜಗತ್ತಿಗೆ ಉಳಿದ ಹೆಸರು ಅವನದೇ. ಡಾಕ್ಟರಿಕೆ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಎಂದು ವಾದಿಸಿದ್ದ ನಮಗೆ ಮಗಳು ನಮ್ಮ ಕಪಾಟಿನಿಂದಲೇ ಪುಸ್ತಕ ಇಳಿಸಿ ಕೊಟ್ಟಿದ್ದಳು.

ಈ ವಿದ್ಯೆಯಲ್ಲಿ ನಮ್ಮ ಕಡೆಯ ದೊಡ್ಡವರು ಇದ್ದಾರೆ ಎಂಬುದನ್ನೂ ಮಕ್ಕಳಿಗಾಗಿ ಹೇಳುತ್ತೇವೆ. ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ಕೃಷ್ಣ ರೆಡ್ಡಿ ಶಾಂತಿನಿಕೇತನದಲ್ಲಿ ಓದಿ, ಲಂಡನ್ನಿನ ಸ್ಲೇಡ್ ಶಾಲೆಗೆ ಬಂದು, ಆಮೇಲೆ ಪ್ಯಾರಿಸ್ಸಿನ ಅಟೆಲಿಯೆ 17ರಲ್ಲಿ ಒಂದೇ ತಗಡಿನಿಂದ ಒಂದೇ ಸಲ ಹಲವು ಬಣ್ಣ ಒತ್ತುವ ಕ್ರಮವನ್ನು ಬೆಳೆಸಿದರು. ಮಸಿಗೆ ಎಣ್ಣೆ ಹೆಚ್ಚು ಕಡಿಮೆ ಮಾಡಿದರೆ ಒಂದು ಬಣ್ಣ ಇನ್ನೊಂದನ್ನು ದೂರ ತಳ್ಳುತ್ತದೆ. ಗಟ್ಟಿ ಮತ್ತು ಮೆತ್ತನೆಯ ಉರುಳೆಗಳಿಂದ ಎತ್ತರದ ಮತ್ತು ತಗ್ಗಿನ ಜಾಗಗಳಿಗೆ ಬೇರೆಬೇರೆ ಬಣ್ಣ ಕೊಡಬಹುದು. ಬೆಂಗಳೂರಿನ ರವಿಕುಮಾರ ಕಾಶಿಯವರು ಬರೋಡಾದಲ್ಲಿ ಮುದ್ರಣಕಲೆ ಓದಿ, 2001ರಲ್ಲಿ ಗ್ಲಾಸ್ಗೋದಲ್ಲಿ ಕೈಕಾಗದ ಮಾಡುವುದನ್ನು ಕಲಿತವರು, ಕಲೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರಿನ ಕಾವಾದಲ್ಲಿ ಈ ವಿದ್ಯೆಯನ್ನು ಕಲಿಸುತ್ತಾರೆ. ರಜೆಗೆ ಹೋದಾಗ ಬರಿ ಮಾಲ್ ಸುತ್ತಬೇಡಿ.

ನಮ್ಮ ಕೊನೆಯ ತಗಡಿಗೆ ಬರುತ್ತೇವೆ. ಶಿರಸಿಯ ಅಜ್ಜಿಯ ಕೈಯನ್ನು ಬರೆಯೋಣ ಎಂದಳು ಮಗಳು. ಒಂದು ಫೋಟೋ ಇತ್ತು, ಅಡಿಕೆ ಸುಲಿಯುತ್ತಾ ಕೂತ ಕೈ, ಮೂರು ಬಳೆ. ಬೆರಳುಗಳನ್ನು ಅವಳು ಬರೆದಳು, ಬಳೆಗಳು ನಮ್ಮ ಪಾಲಿಗೆ. ದ್ರಾವಣದಲ್ಲಿ ಬೆರಳಿಗೆ ಐದು ನಿಮಿಷ, ಆಮೇಲೆ ವಾರ್ನಿಷ್; ಬಳೆಗಳಿಗೆ ಇಪ್ಪತ್ತೈದು ನಿಮಿಷ, ಆಳವಾಗಲಿ ಎಂದು. ಕೆಳಗೆ "ಅಮ್ಮ" ಎಂದು ತಿರುವಿ ಬರೆದೆವು, ಈ ಸಲ ತಪ್ಪಲಿಲ್ಲ. ಅರಿವಳಿಕೆಯವರು ನಿಮಿಷ ಎಣಿಸಿದರು, ಅದು ಅವರಿಗೆ ಅಭ್ಯಾಸ. ಮೊದಲ ಕಾಗದವನ್ನು ಮೂಲೆ ಹಿಡಿದು ಎತ್ತುವಾಗ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಹತ್ತು ಪ್ರತಿ ತೆಗೆದೆವು, ನಾಲ್ಕು ಕೆಟ್ಟವು.

ಆ ಡಿಸೆಂಬರಿನಲ್ಲಿ ಮಗಳು ಒಂದು ಪ್ರತಿಯನ್ನು ಊರಿಗೆ ಒಯ್ದಳು. ಅಜ್ಜಿಗೆ ಈಗ ನಡುಗಣ್ಣಿನ ದೃಷ್ಟಿ ಹೋಗಿದೆ. ಅಂಚಿನಲ್ಲಿ ಮಸುಕಾಗಿ ಏನೋ ಕಾಣುತ್ತದೆ, ಅಷ್ಟೆ. ಚಿತ್ರ ತಂದರೆ ಏನು ಪ್ರಯೋಜನ ಎಂದು ನಾವು ಅಂದುಕೊಂಡಿದ್ದೆವು. ಆದರೆ ಎಚ್ಚಿಂಗ್‌ನಲ್ಲಿ ಮಸಿ ಕಾಗದದ ಮೇಲೆ ಸ್ವಲ್ಪ ಉಬ್ಬಿ ನಿಂತಿರುತ್ತದೆ, ತಗಡಿನ ಅಂಚೂ ಕಾಗದದಲ್ಲಿ ತಗ್ಗಾಗಿ ಒತ್ತಿರುತ್ತದೆ. ನಮ್ಮ ನೋಟುಗಳಲ್ಲಿ ಕೈಗೆ ತಗಲುವ ಉಬ್ಬು ಗೆರೆಗಳೂ ಇದೇ ತತ್ತ್ವದವು. 1996ರಿಂದ ಮೈಸೂರಿನ ನೋಟು ಮುದ್ರಣಾಲಯದಲ್ಲಿ ಒತ್ತುವುದೂ ಹೀಗೇ, ಕಣ್ಣಿಲ್ಲದವರು ನೋಟು ಗುರುತಿಸುವುದೂ ಇದರಿಂದಲೇ. ವಿಡಿಯೋ ಕರೆಯಲ್ಲಿ ನಾವು ನೋಡುತ್ತಿದ್ದೆವು. ಅಜ್ಜಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಆಡಿಸಿದರು. ಬೆರಳಿನ ಗೆರೆ ಸಿಗಲಿಲ್ಲ, ಅವು ತೆಳು. ಆಳವಾದ ಗೆರೆಗಳ ಹತ್ತಿರ ಬಂದು ನಿಂತು, ಒಂದು, ಎರಡು, ಮೂರು ಎಂದು ಎಣಿಸಿ, "ಬಳೆ" ಎಂದರು. ಆಮೇಲೆ, "ಇದನ್ನು ಯಾವುದರಲ್ಲಿ ಮಾಡಿದ್ದು?" ಎಂದು ಕೇಳಿದರು. ಮೈಲುತುತ್ತಿನಲ್ಲಿ ಅಂದಳು ಮಗಳು. "ಅಷ್ಟು ದೂರ ಹೋಗಿಯೂ ಮೈಲುತುತ್ತೇ?" ಎಂದು ಅಜ್ಜಿ ಜೋರಾಗಿ ನಕ್ಕರು.

ಮಗಳು ಈಗ ಪದವಿ ತರಗತಿಯಲ್ಲಿ ಮುದ್ರಣಕಲೆಯನ್ನೇ ಓದುತ್ತಿದ್ದಾಳೆ. ಮುಂದೆ ಏನು ಮಾಡುತ್ತಾಳೆ, ಹೊಟ್ಟೆಪಾಡು ಹೇಗೆ ಎಂದು ನೀವು ಕೇಳುತ್ತೀರಿ. ನಾವೂ ದಿನಕ್ಕೆರಡು ಸಲ ಮನಸ್ಸಿನಲ್ಲಿ ಕೇಳಿಕೊಳ್ಳುತ್ತೇವೆ, ಬಾಯಿಬಿಟ್ಟು ವಾರಕ್ಕೊಮ್ಮೆ. ಅವಳು ಗೊತ್ತಿಲ್ಲ ಎನ್ನುತ್ತಾಳೆ. ರಾಳದ ಪೆಟ್ಟಿಗೆಯ ಹತ್ತಿರ ಹೋಗುವುದಿಲ್ಲ ಎಂದು ಮಾತ್ರ ಬರೆದುಕೊಟ್ಟಿದ್ದಾಳೆ, ತಿರುವುಮುರುವು ಕನ್ನಡದಲ್ಲಿ.

ಬಾಗಿಲ ಪಕ್ಕದ ಮೇಜಿನ ಮೇಲೆ ಸಿಡುಬೆದ್ದ ಅಂಗಳದ ತಗಡನ್ನೂ ಅಜ್ಜಿಯ ಕೈಯ ಒಂದು ಪ್ರತಿಯನ್ನೂ ಇಟ್ಟಿದ್ದೇವೆ. ಮುಟ್ಟಿ ನೋಡಬಹುದು. ದಯವಿಟ್ಟು ಬಿಸಿಬೇಳೆಬಾತ್ ತಿನ್ನುವ ಮುಂಚೆ ಮುಟ್ಟಿ, ತಿಂದ ಮೇಲೆ ಬೇಡ.